ಬುತ್ತಿ ಎಂಬ ಮುಂಗಡ ಪಾವತಿ

ಕಳೆದ ಡಿಸೆಂಬರಿನಲ್ಲಿ ನಮ್ಮ ಮಗಳು ಒಂದು ಹುಕುಂ ಹೊರಡಿಸಿದಳು. "ಅಪ್ಪಾ, ಈ ಸಲ ಹೋಟೆಲ್ ಗೀಟೆಲ್ ಏನೂ ಬ್ಯಾಡ. ಪವನಾ ಡ್ಯಾಮಿನ ದಂಡಿಗೆ ಟೆಂಟ್ ಹಾಕಿ ಎರಡು ರಾತ್ರಿ ಇರೋಣು. ಅಡಿಗಿ ನಾವ ಮಾಡ್ಕೊಳ್ಳೋಣು, ಈಸಿ ಇರೂದು." ಅವಳ ಪಟ್ಟಿಯಲ್ಲಿ ನೂಡಲ್ಸ್, ಸೂಪಿನ ಪುಡಿ, ಬ್ರೆಡ್ಡು, ಬಿಸಿ ನೀರಿನಲ್ಲಿ ಅದ್ದಿ ತೆಗೆಯುವ ಪಲಾವಿನ ಪ್ಯಾಕೆಟ್ಟು, ಎಲ್ಲಾ ಇತ್ತು. ಮೂಲೆಯಲ್ಲಿ ಕೂತಿದ್ದ ನನ್ನ ತಾಯಿ ಒಂದೇ ಮಾತು ಕೇಳಿದಳು: "ರೊಟ್ಟಿ ಒಯ್ಯೂದಿಲ್ಲೇನು?"

ಎಲ್ಲರೂ ನಕ್ಕೆವು. ಆದರೆ ಆ ಪ್ರಶ್ನೆ ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ನಾನು ಇತಿಹಾಸ ಓದಿದವನಲ್ಲ, ಬಿ.ಕಾಂ. ಮಾಡಿ ಬ್ಯಾಂಕು ಸೇರಿದವನು. ಆದರೂ ರಾತ್ರಿ ಊಟವಾದ ಮೇಲೆ ಒಂದಿಷ್ಟು ಓದುವ ಚಟ ಇದೆ. ಮನೆಯಿಂದ ದೂರ, ಬಯಲಿನಲ್ಲಿ ಉಣ್ಣುವ ಈ 'ಈಸಿ' ಅಡಿಗೆ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದೆ.

ಮೊದಲು ನನಗೆ ನೆನಪಾದದ್ದು ನಮ್ಮದೇ ಕ್ಯಾಂಪಿಂಗು. ಆಗ ಆ ಹೆಸರು ಗೊತ್ತಿರಲಿಲ್ಲ ಅಷ್ಟೆ. ನವಲಗುಂದದ ಕಡೆಯ ನಮ್ಮ ಹಳ್ಳಿಯಿಂದ ಭಾರತ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಕಟ್ಟಿಕೊಂಡು ಹೋಗುತ್ತಿದ್ದೆವು. ದಾರಿಯಲ್ಲಿ ಬಾವಿಯೋ ಹಳ್ಳವೋ ಕಂಡ ಕಡೆ ಎತ್ತು ಬಿಚ್ಚುವುದು, ಚಕ್ಕಡಿ ಕೆಳಗೆ ಮಲಗುವುದು, ಗುಡ್ಡ ಮುಟ್ಟಿದ ಮೇಲೆ ಮೂರು ಕಲ್ಲು ಹೂಡಿ ಒಲೆ. ಎಳ್ಳ ಅಮಾಸಿಗೆ ಚರಗ ಚೆಲ್ಲಲು ಹೊಲಕ್ಕೆ ಹೋಗುವುದೂ ಅದೇ ಜಾತಿಯದು, ಆದರೆ ಅದು ಒಂದೇ ದಿನದ್ದು.

ಬುಟ್ಟಿಯಲ್ಲಿ ಏನಿರುತ್ತಿತ್ತು ಅಂದರೆ: ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ, ಮಾದಲಿ. ಜೋಳದ ರೊಟ್ಟಿಯನ್ನು ತೆಳ್ಳಗೆ ಬಡಿದು, ಹಂಚಿನ ಮೇಲೆ ಬೇಯಿಸಿ, ಆಮೇಲೆ ಒಲೆಯ ಮಗ್ಗುಲಿಗೆ ನಿಲ್ಲಿಸಿ ನೀರಿನ ಅಂಶ ಪೂರಾ ಹೋಗುವ ತನಕ ಒಣಗಿಸಿದರೆ ಖಡಕ್ ರೊಟ್ಟಿ. ನೀರಿಲ್ಲದ ಕಡೆ ಬೂಷ್ಟು ಬೆಳೆಯುವುದಿಲ್ಲ. ಹಾಗಾಗಿ ವಾರಗಟ್ಟಲೆ ಇಟ್ಟರೂ ಕೆಡುವುದಿಲ್ಲ.

ಇದೇ ಉಪಾಯವನ್ನು ಯುರೋಪಿನ ಹಡಗಿನವರೂ ಮಾಡಿದ್ದರು. 'ಬಿಸ್ಕೀಟು' ಎಂಬ ಶಬ್ದದ ಮೂಲ ಲ್ಯಾಟಿನ್ನು, ಅರ್ಥ 'ಎರಡು ಸಲ ಬೇಯಿಸಿದ್ದು'. ಇಂಗ್ಲಿಷರ ನೌಕಾಪಡೆಯಲ್ಲಿ ಪ್ರತಿ ನಾವಿಕನಿಗೆ ದಿನಕ್ಕೆ ಒಂದು ಪೌಂಡ್ ಬಿಸ್ಕೀಟಿನ ರೇಷನ್ನು ಇತ್ತು. ಬರೀ ಹಿಟ್ಟು, ನೀರು, ಸ್ವಲ್ಪ ಉಪ್ಪು, ಕಲ್ಲಿನಂಥದ್ದು. ಶೇಂಗಾ ಚಟ್ನಿ ಇಲ್ಲದೆ ಅದನ್ನು ಹೇಗೆ ತಿಂದರೋ, ಆ ದೇವರಿಗೇ ಗೊತ್ತು.

ಒಣಗಿಸುವ ದಾರಿ ಬಿಟ್ಟು ಎರಡನೇ ದಾರಿ ಕಂಡುಹಿಡಿದವನು ಫ್ರಾನ್ಸಿನ ಮಿಠಾಯಿ ಮಾಡುವವ, ನಿಕೋಲಾ ಅಪೇರ್. ಗಾಜಿನ ಬಾಟಲಿಯಲ್ಲಿ ಆಹಾರ ತುಂಬಿ, ಗಾಳಿಯಾಡದಂತೆ ಬಿರಡೆ ಬಿಗಿದು, ಬಾಟಲಿ ಸಮೇತ ಕುದಿಯುವ ನೀರಿನಲ್ಲಿ ಇಡುವುದು. ನೆಪೋಲಿಯನ್ನನ ಯುದ್ಧಗಳ ಕಾಲ ಅದು. ಸೈನ್ಯಕ್ಕೂ ಹಡಗಿಗೂ ಕೆಡದ ಆಹಾರ ಬೇಕಾಗಿತ್ತು. 1810ರಲ್ಲಿ ಸರಕಾರ ಅವನಿಗೆ 12,000 ಫ್ರಾಂಕ್ ಕೊಟ್ಟು, ಗುಟ್ಟನ್ನು ಪುಸ್ತಕ ಮಾಡಿ ಪ್ರಕಟಿಸು ಅಂದಿತು. ಹೀಗೆ ಮಾಡಿದರೆ ಯಾಕೆ ಕೆಡುವುದಿಲ್ಲ ಎನ್ನುವುದು ಮಾತ್ರ ಅವನಿಗೂ ಗೊತ್ತಿರಲಿಲ್ಲ! ಸೂಕ್ಷ್ಮಜೀವಿಗಳ ಲೆಕ್ಕ ಬಿಡಿಸಿ ಹೇಳಲು ಪಾಶ್ಚರ್ ಬರಬೇಕಾಯಿತು, ಅದು ಸುಮಾರು ಐವತ್ತು ವರ್ಷದ ನಂತರ. ಅದೇ 1810ರಲ್ಲಿ ಇಂಗ್ಲೆಂಡಿನಲ್ಲಿ ತಗಡಿನ ಡಬ್ಬಿಗೆ ಪೇಟೆಂಟ್ ಸಿಕ್ಕಿತು. ಡಬ್ಬಿ ತೆರೆಯುವ ಸಾಧನ ಬಂದದ್ದು 1850ರ ದಶಕದಲ್ಲಿ. ನಡುವಿನ ನಾಲ್ಕು ದಶಕ ಉಳಿ ಸುತ್ತಿಗೆಯೇ ಗತಿ. ನಮ್ಮ ಕೆಲವು ಸಾಫ್ಟ್‌ವೇರುಗಳ ಹಾಗೆ.

ಇವೆಲ್ಲ ಹೊಟ್ಟೆಪಾಡಿನ, ಯುದ್ಧದ ಸಂಗತಿ. ಇದನ್ನೇ ಸಂತೋಷಕ್ಕಾಗಿ ಮಾಡಬಹುದು ಅಂತ ತೋರಿಸಿದವರಲ್ಲಿ ಮುಖ್ಯನಾದವನು ಥಾಮಸ್ ಹೈರಮ್ ಹೋಲ್ಡಿಂಗ್. ಇಂಗ್ಲೆಂಡಿನ ಟೇಲರ್. 1853ರಲ್ಲಿ, ಒಂಬತ್ತು ವರ್ಷದ ಹುಡುಗನಾಗಿದ್ದಾಗ, ತಂದೆತಾಯಿಯ ಜೊತೆ ಬಂಡಿಗಳ ಸಾಲಿನಲ್ಲಿ ಅಮೆರಿಕದ ಬಯಲು ದಾಟಿದವನು. ದೊಡ್ಡವನಾದ ಮೇಲೆ ಹಗುರ ಡೇರೆ ಹೊಲಿದು, ಸೈಕಲ್ಲಿಗೆ ಕಟ್ಟಿಕೊಂಡು ತಿರುಗಿದ. 1901ರಲ್ಲಿ ಸೈಕಲ್ ಕ್ಯಾಂಪಿಂಗಿನವರ ಸಂಘ ಕಟ್ಟಿದ, 1908ರಲ್ಲಿ ಕ್ಯಾಂಪಿಂಗಿನ ಕೈಪಿಡಿ ಬರೆದ. ಇವನ ಕಥೆ ಓದಿದಾಗ ನನಗೆ ಯಾಕೋ ಬಹಳ ಹತ್ತಿರದವನು ಅನ್ನಿಸಿತು. ಅವನದೂ ಬಂಡಿಯಲ್ಲಿ ಕಳೆದ ಬಾಲ್ಯವೇ ಅಲ್ಲವೇ? ಒಲೆಯ ಚಿಂತೆಯನ್ನು ಸ್ವೀಡನ್ನಿನ ಲಿಂಡ್‌ಕ್ವಿಸ್ಟ್ ಎಂಬವನು 1892ರಲ್ಲಿ ಪ್ರೈಮಸ್ ಸ್ಟೋವ್ ಮಾಡಿ ಅಷ್ಟಿಷ್ಟು ಕಳೆದಿದ್ದ. ಪಂಪು ಹೊಡೆದು ಪಿನ್ನು ಚುಚ್ಚಿ ಹಚ್ಚುವ ಆ ಸ್ಟೋವು ನಮ್ಮ ವಯಸ್ಸಿನವರ ಮನೆಗಳಲ್ಲಿ ಎಷ್ಟು ಗದ್ದಲ ಮಾಡಿದೆ, ನಿಮಗೂ ನೆನಪಿರಬೇಕು. ದಕ್ಷಿಣ ಧ್ರುವಕ್ಕೆ ಹೋದ ಅಮುಂಡ್‌ಸೆನ್ನನ ತಂಡದ ಹತ್ತಿರ ಇದ್ದದ್ದೂ ಅದೇ.

ಇನ್ನು ಮಗಳ ಪಟ್ಟಿಯಲ್ಲಿದ್ದ ಪಲಾವಿನ ಪ್ಯಾಕೆಟ್ಟು. ಇದರ ಬೇರು ನಮ್ಮ ಮೈಸೂರಿನಲ್ಲೂ ಇದೆ ಅಂತ ತಿಳಿದು ಖುಷಿಯಾಯಿತು. ಅಲ್ಲಿ ಸಿಎಫ್‌ಟಿಆರ್‌ಐ ಶುರುವಾದದ್ದು 1950ರಲ್ಲಿ, ರಕ್ಷಣಾ ಇಲಾಖೆಯ ಆಹಾರ ಪ್ರಯೋಗಾಲಯ ಡಿಎಫ್‌ಆರ್‌ಎಲ್ 1961ರಲ್ಲಿ. ಎತ್ತರದ ಹಿಮದಲ್ಲಿ, ಒಲೆ ಹಚ್ಚಲಾಗದ ಗಡಿಯಲ್ಲಿ ಇರುವ ಜವಾನರಿಗೆ ನಮ್ಮದೇ ರುಚಿಯ ಊಟ ತಲುಪಿಸುವುದು ಅದರ ಕೆಲಸ. ಪದರ ಪದರದ ಚೀಲದಲ್ಲಿ ಆಹಾರ ತುಂಬಿ, ಬಾಯಿ ಮುಚ್ಚಿ, ಒತ್ತಡದ ಹಬೆಯಲ್ಲಿ ಸುಮಾರು 121 ಡಿಗ್ರಿಗೆ ಕಾಯಿಸುವುದು. ಅಂದರೆ ಅಪೇರನ ಬಾಟಲಿಯೇ, ಮೆತ್ತಗಾಗಿದೆ ಅಷ್ಟೆ. 1984ರಲ್ಲಿ ರಾಕೇಶ್ ಶರ್ಮಾ ಅಂತರಿಕ್ಷಕ್ಕೆ ಹೋದಾಗ ಅವರ ಜೊತೆಗಿದ್ದ ಭಾರತೀಯ ತಿನಿಸು ಈ ಲ್ಯಾಬಿನದೇ. ಬೆಂಗಳೂರಿನ ಎಂಟಿಆರ್‌ನವರು ಇದೇ ಲ್ಯಾಬಿನ ತಂತ್ರದಿಂದ ಸಿದ್ಧ ಊಟದ ಪ್ಯಾಕೆಟ್ಟು ಅಂಗಡಿಗೆ ತಂದರು.

ಓದಿದ್ದನ್ನೆಲ್ಲ ಒಂದು ಸಂಜೆ ತಾಯಿಯ ಮುಂದೆ ಹೇಳಿದೆ. ಆಕೆ ಪೂರ್ತಿ ಕೇಳಿ ಅಂದಳು, "ಅಲ್ಲಿ ಹೋಗಿ ಆರಾಮ ಕುಂದರಬೇಕಂದ್ರ ಇಲ್ಲಿ ಯಾರರ ಹೊಗಿ ಕುಡೀಬೇಕ ತಮ್ಮಾ."

ಲೆಕ್ಕದವನಿಗೆ ಇದು ಬೇಗ ಹೊಳೆಯಬೇಕಿತ್ತು. ನಾವು ಪ್ರೀಪೇಯ್ಡ್ ಎಕ್ಸ್‌ಪೆನ್ಸ್ ಅನ್ನುತ್ತೇವಲ್ಲ, ಮುಂಗಡವಾಗಿ ಕಟ್ಟಿದ ಖರ್ಚು, ಅದೇ ಇದು. ಗುಡ್ಡದಲ್ಲಿ ನಾವು ಹುಡುಗರು ಬುಟ್ಟಿ ಬಿಚ್ಚಿ ಕೂತಲ್ಲೇ ಉಣ್ಣುತ್ತಿದ್ದೆವು. ಆದರೆ ಅದಕ್ಕೆ ಎಂಟು ದಿನ ಮೊದಲಿಂದ ಅವ್ವ ಮತ್ತು ಇಬ್ಬರು ಚಿಕ್ಕಮ್ಮಂದಿರು ಬೆಳಗಿನ ಜಾವಕ್ಕೆದ್ದು ರೊಟ್ಟಿ ಬಡಿಯುತ್ತಿದ್ದರು. ನಿದ್ದೆಗಣ್ಣಿನಲ್ಲಿ ಆ ಪಟ ಪಟ ಸಪ್ಪಳ ಕೇಳಿ ನಾನು ಮಗ್ಗುಲು ಬದಲಿಸಿದ್ದೇ ಹೊರತು ಎದ್ದು ನೋಡಿದವನಲ್ಲ. ಜಾತ್ರೆಯ ದಿನ ಆಕೆಯ ಬಲಗೈ ಬಾತುಕೊಂಡಿರುತ್ತಿತ್ತು ಅಂತ ಈಗ, ಆಕೆಗೆ ಎಂಬತ್ತೆರಡಾದಾಗ, ಆಕೆಯೇ ಹೇಳಿದ ಮೇಲೆ ನನಗೆ ತಿಳಿಯಿತು. ಜಾತ್ರೆಯ ಖರ್ಚನ್ನು ಅಪ್ಪ ಒಂದು ವಹಿಯಲ್ಲಿ ಬರೆದಿಡುತ್ತಿದ್ದರು. ಎಣ್ಣೆ, ಬೆಲ್ಲ, ಎತ್ತಿನ ಹಿಂಡಿ, ಎಲ್ಲ ಇದೆ. ಇದು ಮಾತ್ರ ಇಲ್ಲ.

ಕೊನೆಗೆ ಪವನಾಕ್ಕೆ ಮಗಳ ಪಟ್ಟಿಯಲ್ಲಿ ಅರ್ಧ, ಅವ್ವನದರಲ್ಲಿ ಅರ್ಧ ಒಯ್ದೆವು. ಮನೆಯಲ್ಲಿ ಈಗ ಅಷ್ಟು ರೊಟ್ಟಿ ಬಡಿಯುವವರು ಯಾರೂ ಇಲ್ಲ. ನಮ್ಮ ಕಡೆಯವರೇ ನಡೆಸುವ ಒಂದು ಖಾನಾವಳಿಯಿಂದ ಐವತ್ತು ಖಡಕ್ ರೊಟ್ಟಿ ತಂದೆ. ಚಟ್ನಿ ಪುಡಿ ಹೆಂಡತಿ ಮಾಡಿದಳು, ಶೇಂಗಾ ಹುರಿದು ಸಿಪ್ಪೆ ತೆಗೆದವನು ನಾನು. ಬಿಸಿಯಾದದ್ದು ಒಂದೇ, ಝುಣಕ. ನೀವೂ ಮಾಡಿ ನೋಡಿ: ಎಣ್ಣೆಗೆ ಸಾಸಿವೆ, ಜೀರಿಗೆ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಉಳ್ಳಾಗಡ್ಡಿ, ಅರಿಷಿಣ, ಉಪ್ಪು. ಒಂದು ಬಟ್ಟಲು ಕಡಲೆ ಹಿಟ್ಟನ್ನು ಮೂರು ಬಟ್ಟಲು ನೀರಿನಲ್ಲಿ ಗಂಟಿಲ್ಲದಂತೆ ಕದಡಿ ಸುರಿದು, ಕೈಬಿಡದೆ ತಿರುವಿ ಸಣ್ಣ ಉರಿಯಲ್ಲಿ ಮುಚ್ಚಿಡುವುದು. ದಂಡೆಯ ಗಾಳಿಗೆ ಗ್ಯಾಸ್ ಒಲೆ ಎರಡು ಸಲ ಆರಿತು, ಚೀಲಗಳನ್ನು ಅಡ್ಡ ಇಟ್ಟು ಹಚ್ಚಿದೆವು. ಪಕ್ಕದ ಟೆಂಟಿನ ಮರಾಠಿ ಕುಟುಂಬದವರು ವಾಸನೆ ಹಿಡಿದು "ಪಿಠಲಂ ಕಾ?" ಅಂತ ಬಂದರು. ಅವರಿಗೂ ಬಡಿಸಿದೆವು.

ಅವ್ವ ಒಂದು ರೊಟ್ಟಿ ಮುರಿದು, ಅಂಚು ಬೆರಳಲ್ಲಿ ಸವರಿ ನೋಡಿ ಕೇಳಿದಳು, "ಚಲೋ ಬಡದಾಳ. ಯಾರಾಕಿ?"

ನನಗೆ ಗೊತ್ತಿರಲಿಲ್ಲ. ಬಂದ ಮೇಲೆ ಖಾನಾವಳಿಗೆ ಹೋಗಿ ವಿಚಾರಿಸಿದೆ. ಹಿಂದಿನ ಕೋಣೆಯಲ್ಲಿ ಇಬ್ಬರಿದ್ದರು, ವಿಜಯಪುರದ ಕಡೆಯ ಅಕ್ಕತಂಗಿಯರು. ದಿನಕ್ಕೆ ಎಷ್ಟು ಅಂದೆ. ಅಕ್ಕ ತಲೆ ಎತ್ತದೆ "ಎಣಿಸೋದು ಮಾಲಕರು" ಅಂದಳು. ಅವ್ವ ಕೇಳಿದ್ದನ್ನು ಹೇಳಿದೆ. ಆಗ ಇಬ್ಬರೂ ಬಡಿಯುವುದು ನಿಲ್ಲಿಸಿ, ಆಕೆ ಯಾವ ಊರಿನವರು ಅಂತ ಕೇಳಿದರು.