ಒಂದು ದಾಖಲೆ, ಹಲವು ಲಿಪಿ: ಕೊಲ್ಹಾಪುರ ಸೀಮೆಯ ಗ್ರಂಥವಿವರ ಮತ್ತು ಅಕ್ಷರ ಸಂಕೇತೀಕರಣದ ಬೆಳವಣಿಗೆ

ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜಗಳ ಸೀಮೆಯಲ್ಲಿ ಬರವಣಿಗೆ ಎಂದೂ ಒಂದೇ ಲಿಪಿಗೆ ಕಟ್ಟುಬಿದ್ದುದಲ್ಲ. ಕೊಲ್ಹಾಪುರದ ಶಿಲಾಹಾರರು ಕನ್ನಡದಲ್ಲಿ ಶಾಸನಗಳನ್ನು ಹಾಕಿಸಿದರು, ಮರಾಠಾ ಆಳ್ವಿಕೆಯ ದಫ್ತರಗಳು ಮೋಡಿ ಲಿಪಿಯಲ್ಲಿ ಬೆಳೆದವು, ಅಚ್ಚಿನ ಮರಾಠಿ ಬಾಳಬೋಧ ದೇವನಾಗರಿಯನ್ನು ಹಿಡಿಯಿತು, ಕಾಲೇಜುಗಳ ವಿದ್ವತ್ತು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ನಡೆಯಿತು. ರಾಜಾರಾಮ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದ ಕೆ. ಜಿ. ಕುಂದಣಗಾರರು 1939ರಲ್ಲಿ ಕೊಲ್ಹಾಪುರದಿಂದ ಪ್ರಕಟಿಸಿದ ‘ಇನ್‌ಸ್ಕ್ರಿಪ್ಷನ್ಸ್ ಇನ್ ನಾರ್ದರ್ನ್ ಕರ್ನಾಟಕ ಅಂಡ್ ದಿ ಕೊಲ್ಹಾಪುರ್ ಸ್ಟೇಟ್’ ಎಂಬ ಶಾಸನ ಸಂಪುಟವನ್ನು ಇಂದು ಡಿಜಿಟಲ್ ಭಂಡಾರವೊಂದಕ್ಕೆ ಸೇರಿಸಬೇಕಾದರೆ, ಅದರ ವಿವರದಲ್ಲಿ ಗ್ರಂಥದ ಹೆಸರು ರೋಮನ್ ಲಿಪಿಯಲ್ಲಿಯೂ ಒಳಗಿನ ಶಾಸನಪಾಠ ಕನ್ನಡದಲ್ಲಿಯೂ ಊರುಗಳ ಹೆಸರು ದೇವನಾಗರಿಯಲ್ಲಿಯೂ ಬರಬೇಕಾಗುತ್ತದೆ. ಹೀಗೆ ಕೃತಿಯ ಶೀರ್ಷಿಕೆ, ಕರ್ತೃ, ವರ್ಷ, ಭಾಷೆ, ವಿಷಯ ಮೊದಲಾದವನ್ನು ಹೇಳುವ ವಿವರದತ್ತಕ್ಕೆ ಮೆಟಾಡೇಟಾ ಎನ್ನುತ್ತಾರೆ. ಸಾವಿರಾರು ದಾಖಲೆಗಳ ಮೆಟಾಡೇಟಾವನ್ನು ಒಟ್ಟಿಗೆ ತಿದ್ದಲು, ಒಂದು ವ್ಯವಸ್ಥೆಯಿಂದ ಮತ್ತೊಂದಕ್ಕೆ ಸಾಗಿಸಲು, ತಪ್ಪು ಹುಡುಕಲು ಗ್ರಂಥಪಾಲಕರು ಬಳಸುವ ಸಣ್ಣ ಪ್ರೋಗ್ರಾಂಗಳು ಸ್ಕ್ರಿಪ್ಟ್‌ಗಳು. ಕಂಪ್ಯೂಟರು ಸಂಗ್ರಹಿಸುವುದು ಬೈಟ್ ಎಂಬ ಸಂಖ್ಯೆಗಳನ್ನು ಮಾತ್ರ. ಯಾವ ಸಂಖ್ಯೆ ಯಾವ ಅಕ್ಷರವೆಂಬ ಒಪ್ಪಂದವೇ ಸಂಕೇತೀಕರಣ. ಈ ಒಪ್ಪಂದ ಎಲ್ಲಿ ಇರುತ್ತದೆ, ದತ್ತಾಂಶದ ಒಳಗೋ ಹೊರಗೋ ಎಂಬ ಪ್ರಶ್ನೆಯ ಸುತ್ತಲೇ ಈ ಕ್ಷೇತ್ರ ಬೆಳೆದು ಬಂದಿದೆ.

ಮೊದಲ ಘಟ್ಟದಲ್ಲಿ ಅದು ಬಹುಪಾಲು ಹೊರಗಿತ್ತು. ಐಐಟಿ ಕಾನ್ಪುರದಲ್ಲಿ ಆರಂಭವಾಗಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ತಂತ್ರಜ್ಞಾನದ ಹಿನ್ನೆಲೆಯಲ್ಲಿ ರೂಪುಗೊಂಡ ಇಸ್ಕಿ ಎಂಬ ಭಾರತೀಯ ಸಂಕೇತ 1991ರಲ್ಲಿ ಐಎಸ್ 13194 ಎಂಬ ರಾಷ್ಟ್ರೀಯ ಮಾನಕವಾಯಿತು. ಬ್ರಾಹ್ಮಿಯಿಂದ ಹುಟ್ಟಿದ ಲಿಪಿಗಳ ವರ್ಣಮಾಲೆ ಮೂಲತಃ ಒಂದೇ ಎಂಬ ಸರಿಯಾದ ಅರಿವಿನ ಮೇಲೆ ಕಟ್ಟಿದ ಈ ಮಾನಕದಲ್ಲಿ ಕನ್ನಡದ ‘ಕ’ಕಾರಕ್ಕೂ ದೇವನಾಗರಿಯ ‘ಕ’ಕಾರಕ್ಕೂ 179 ಎಂಬ ಒಂದೇ ಸಂಖ್ಯೆಯಿದೆ, ಯಾವ ಲಿಪಿಯಲ್ಲಿ ತೋರಿಸಬೇಕೆಂಬುದನ್ನು 239ರಿಂದ ಆರಂಭವಾಗುವ ಪ್ರತ್ಯೇಕ ಸೂಚಕವೊಂದು ಹೇಳುತ್ತದೆ. ಒಂದೇ ಲಿಪಿಯ ಪ್ರದೇಶದಲ್ಲಿ ಇದು ತೊಡಕಲ್ಲ. ಆದರೆ ಎರಡು ಲಿಪಿಗಳು ಒಂದೇ ಸಾಲಿನಲ್ಲಿ ಕೂಡುವ ಗಡಿಸೀಮೆಯ ಗ್ರಂಥಸೂಚಿಯಲ್ಲಿ ಕಡತವನ್ನು ತುಂಡರಿಸುವ ಸ್ಕ್ರಿಪ್ಟ್ ಆ ಸೂಚಕವನ್ನು ಹಿಂದೆ ಬಿಟ್ಟಿತೆಂದರೆ ಕನ್ನಡದ ಹೆಸರು ದೇವನಾಗರಿಯಾಗಿ ಮೂಡುತ್ತದೆ, ಮತ್ತು ಓದಲು ಬರುವಂತೆಯೇ ಮೂಡುವುದರಿಂದ ತಪ್ಪು ನಡೆದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

ಅಚ್ಚುಮನೆಗಳ ದಾರಿ ಇದಕ್ಕಿಂತ ಹೆಚ್ಚು ಹಾನಿಕರವಾಯಿತು. ಪುಣೆಯ ಮಾಡ್ಯುಲರ್ ಇನ್ಫೊಟೆಕ್‌ನ ಶ್ರೀಲಿಪಿ ಕನ್ನಡ, ಮರಾಠಿ ಎರಡೂ ಭಾಷೆಗಳ ಪುಟವಿನ್ಯಾಸದಲ್ಲಿ ಹರಡಿತು. ಕನ್ನಡದಲ್ಲಿ 1998ರಲ್ಲಿ ಬರಹ, ಮುಂದೆ ಕನ್ನಡ ಗಣಕ ಪರಿಷತ್ತಿನ ನುಡಿ ಬಂದವು. ಇವುಗಳ ಅಂದಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸಿದವು. ಫಾಂಟು ತೆಗೆದರೆ ಉಳಿಯುವುದು ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲು. ಇಂಥ ಕಡತಗಳಿಂದ ಶೀರ್ಷಿಕೆಗಳನ್ನು ಎತ್ತುವ ಸ್ಕ್ರಿಪ್ಟ್‌ಗೆ ಕೇವಲ ಪರ್ಯಾಯಪಟ್ಟಿ ಸಾಲದು, ಏಕೆಂದರೆ ಅಲ್ಲಿ ಸಂಗ್ರಹವಾಗಿರುವುದು ಅಕ್ಷರಗಳಲ್ಲ, ಅಕ್ಷರದ ತುಣುಕುಗಳು. ‘ಮ’ ಮತ್ತು ‘ವು’ ಎರಡೂ ‘ವ’ದ ಆಕಾರದಿಂದಲೇ ಆರಂಭವಾಗುತ್ತವೆ, ‘ರ್ಕ’ದಲ್ಲಿ ಉಚ್ಚಾರಣೆಗೆ ಮೊದಲು ಬರುವ ರಕಾರ ಅರ್ಕಾವತ್ತಾಗಿ ‘ಕ’ದ ನಂತರ ಕೂರುತ್ತದೆ, ಮರಾಠಿಯ ಫಾಂಟುಗಳಲ್ಲಿ ಹ್ರಸ್ವ ಇಕಾರದ ಮಾತ್ರೆ ವ್ಯಂಜನಕ್ಕೂ ಮೊದಲು ಬರುತ್ತದೆ. ಪರಿವರ್ತಕವು ಇಡೀ ಅಕ್ಷರಗುಚ್ಛವನ್ನು ಓದಿ, ತುಣುಕುಗಳನ್ನು ಉಚ್ಚಾರಣೆಯ ಕ್ರಮಕ್ಕೆ ಮರಳಿ ಜೋಡಿಸಬೇಕಾಗುತ್ತದೆ. ಗಡಿಸೀಮೆಯ ಸಣ್ಣ ಪ್ರಕಾಶಕರ, ಸ್ಮರಣ ಸಂಚಿಕೆಗಳ ಎಷ್ಟೋ ಪಠ್ಯಗಳು ಇಂಥ ರೂಪದಲ್ಲಿಯೇ ಉಳಿದಿರುವುದರಿಂದ ಈ ಪರಿವರ್ತನೆಯನ್ನು ಮುಗಿದ ಅಧ್ಯಾಯವೆಂದು ಬದಿಗಿಡುವುದು ಸರಿಯಲ್ಲ.

1991ರಲ್ಲಿ ಪ್ರಕಟವಾದ ಯೂನಿಕೋಡ್ ಮಾನಕವು ಲಿಪಿಯ ಗುರುತನ್ನು ಸಂಖ್ಯೆಯೊಳಗೇ ಇರಿಸಿತು. ದೇವನಾಗರಿಗೂ ಕನ್ನಡಕ್ಕೂ 128 ಸ್ಥಾನಗಳ ಬೇರೆಬೇರೆ ವಿಭಾಗಗಳು ದೊರೆತವು, ಆದರೆ ಒಳಗಿನ ಅನುಕ್ರಮ ಇಸ್ಕಿಯ 1988ರ ಆವೃತ್ತಿಯದೇ ಆಗಿ ಉಳಿಯಿತು. ಇದರ ಫಲ ಎರಡು ಬಗೆಯದು. ಒಂದು, ದೇವನಾಗರಿಯ ಯಾವುದೇ ಅಕ್ಷರದ ಸಂಖ್ಯೆಗೆ 896 ಕೂಡಿಸಿದರೆ ಸಾಮಾನ್ಯವಾಗಿ ಕನ್ನಡದ ಸಮಾನ ಅಕ್ಷರ ದೊರೆಯುತ್ತದೆ. ಈ ಸೌಲಭ್ಯವನ್ನು ನೆಚ್ಚಿ ಲಿಪ್ಯಂತರ ಮಾಡುವ ಸ್ಕ್ರಿಪ್ಟ್ ಮರಾಠಿ ರೂಪದಿಂದ ‘ಕೋಲ್ಹಾಪೂರ’ವನ್ನು ಕೊಡುತ್ತದೆಯೇ ಹೊರತು ಕನ್ನಡಿಗರು ಬರೆಯುವ ‘ಕೊಲ್ಹಾಪುರ’ವನ್ನಾಗಲಿ ಹಳೆಯ ರೂಢಿಯ ‘ಕೊಲ್ಲಾಪುರ’ವನ್ನಾಗಲಿ ಅಲ್ಲ, ಏಕೆಂದರೆ ಮರಾಠಿಯ ವರ್ಣಮಾಲೆಯಲ್ಲಿ ಹ್ರಸ್ವ ಎಕಾರ ಒಕಾರಗಳಿಲ್ಲ. ಆಗಸ್ಟ್ ತಿಂಗಳ ಹೆಸರನ್ನು ಮರಾಠಿಯಲ್ಲಿ ಆರಂಭಿಸುವ, ಅರ್ಧಚಂದ್ರ ಹೊತ್ತ ಸ್ವರಕ್ಕೆ ಕನ್ನಡ ವಿಭಾಗದಲ್ಲಿ ಪ್ರತಿಸ್ಥಾನವೇ ಇಲ್ಲದ್ದರಿಂದ ಅಲ್ಲಿ ಖಾಲಿ ಚೌಕವೊಂದು ಬಂದು ನಿಲ್ಲುತ್ತದೆ. ಎರಡು, ‘ಳ’ಕಾರವು ‘ಲ’ಕಾರದ ಬೆನ್ನಿಗೇ ಇರುವುದರಿಂದ ಸಂಖ್ಯೆಯ ಕ್ರಮದಲ್ಲಿ ವಿಂಗಡಿಸುವ ಸ್ಕ್ರಿಪ್ಟ್ ಕನ್ನಡ ವರ್ಣಮಾಲೆಯ ಕೊನೆಯ ಅಕ್ಷರವನ್ನು ನಡುವಿಗೆ ತರುತ್ತದೆ. ಮರಾಠಿ ನಿಘಂಟುಗಳು ‘ಕ್ಷ’ ‘ಜ್ಞ’ಗಳನ್ನು ಕೊನೆಗಿಡುವ ರೂಢಿಯಿದ್ದರೆ ಕನ್ನಡದಲ್ಲಿ ಅವು ‘ಕ’ ‘ಜ’ಗಳ ಒಳಗೇ ಬರುತ್ತವೆ, ಆದ್ದರಿಂದ ಎರಡು ಭಾಷೆಗಳ ಸೂಚಿಗೆ ಎರಡು ವಿಂಗಡಣೆಯ ನಿಯಮಗಳೇ ಬೇಕು.

ಯೂನಿಕೋಡ್ ಸಂಖ್ಯೆಗಳನ್ನು ಬೈಟುಗಳಾಗಿ ಬರೆಯುವ ರೀತಿಗಳಲ್ಲಿ 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ ಯುಟಿಎಫ್-8 ಕಡೆಗೆ ಎಲ್ಲೆಡೆ ನೆಲೆಯೂರಿತು. ಅದರಲ್ಲಿ ಕನ್ನಡದ ‘ಕ’ 224, 178, 149 ಎಂಬ ಮೂರು ಬೈಟುಗಳಾದರೆ ದೇವನಾಗರಿಯದು 224, 164, 149. ಭೇದವೆಲ್ಲ ನಡುವಿನ ಬೈಟಿನಲ್ಲಿದೆ. ‘ಕೊಲ್ಹಾಪುರ’ ಎಂಬ ಹೆಸರಿಗೆ 27 ಬೈಟುಗಳು ಬೇಕು, ಆದ್ದರಿಂದ ಉದ್ದವನ್ನು ಬೈಟುಗಳಲ್ಲಿ ಅಳೆಯುವ 255ರ ಅಂಕಣದಲ್ಲಿ ಕನ್ನಡದ 85 ಸಂಕೇತಗಳಷ್ಟೇ ಹಿಡಿಯುತ್ತವೆ. ಅಷ್ಟಕ್ಕೆ ಕುರುಡಾಗಿ ಕತ್ತರಿಸಿದರೆ ಶೀರ್ಷಿಕೆಯ ತುದಿಯಲ್ಲಿ ಅಕ್ಷರ ಅರ್ಧಕ್ಕೆ ಮುರಿಯುವುದೂ ಉಂಟು.

ಗ್ರಂಥಾಲಯಗಳು ಈ ಬದಲಾವಣೆಗೆ ತಡವಾಗಿ, ಆದರೆ ಗಟ್ಟಿಯಾಗಿ ಒಗ್ಗಿಕೊಂಡವು. ಮಾರ್ಕ್ ಎಂಬ ಗ್ರಂಥಸೂಚಿ ಮಾದರಿಯ ಹಳೆಯ ಸಂಕೇತವಾದ ಮಾರ್ಕ್-8ರಲ್ಲಿ ಭಾರತೀಯ ಲಿಪಿಗಳೇ ಇರಲಿಲ್ಲ. ಕನ್ನಡ ಪುಸ್ತಕದ ವಿವರ ರೋಮನ್ ಲಿಪಿಯಲ್ಲಿಯೇ ಇರಬೇಕಾಗಿತ್ತು. ಯೂನಿಕೋಡ್ ಒಳಬಂದ ಮೇಲೆ ಮೂಲಲಿಪಿಯ ರೂಪವನ್ನು 880ನೆಯ ಕ್ಷೇತ್ರದಲ್ಲಿ ಜೊತೆಗಿಡುವ ಅವಕಾಶ ಕನ್ನಡಕ್ಕೂ ಸಿಕ್ಕಿತು. 2000ದಲ್ಲಿ ಈಪ್ರಿಂಟ್ಸ್, 2002ರಲ್ಲಿ ಡಿಸ್ಪೇಸ್ ಎಂಬ ಭಂಡಾರ ತಂತ್ರಾಂಶಗಳು ಬಂದವು. ಅದೇ 2002ರಲ್ಲಿ ಹೊರಬಂದ, ಭಂಡಾರಗಳು ಪರಸ್ಪರ ಮೆಟಾಡೇಟಾ ಕೊಟ್ಟು ಪಡೆಯುವ ಒಎಐ-ಪಿಎಂಎಚ್ ನಿಯಮಾವಳಿಯ ಎರಡನೆಯ ಆವೃತ್ತಿ ಉತ್ತರಗಳೆಲ್ಲ ಯುಟಿಎಫ್-8ರಲ್ಲಿಯೇ ಇರಬೇಕೆಂದು ಕಡ್ಡಾಯಮಾಡಿತು. ಯುಜಿಸಿಯ 2009ರ ನಿಯಮಾವಳಿಯ ನಂತರ ಭಾರತೀಯ ವಿಶ್ವವಿದ್ಯಾಲಯಗಳ ಪ್ರಬಂಧಗಳು ಇನ್‌ಫ್ಲಿಬ್‌ನೆಟ್ ನಡೆಸುವ, ಡಿಸ್ಪೇಸ್ ಆಧಾರಿತ ಶೋಧಗಂಗೆಗೆ ಸೇರತೊಡಗಿದವು. 1962ರಲ್ಲಿ ಸ್ಥಾಪನೆಯಾದ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದ ಪ್ರಬಂಧಗಳೂ ಅಲ್ಲಿವೆ. ಇದಕ್ಕೆ ಹೋಲಿಸಿದರೆ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯ ಕನ್ನಡ, ಮರಾಠಿ ಗ್ರಂಥಗಳ ಶೀರ್ಷಿಕೆಗಳು ನಿಯಮವಿಲ್ಲದ ರೋಮನ್ ಕಾಗುಣಿತದಲ್ಲಿ ದಾಖಲಾಗಿ, ಸ್ಕ್ಯಾನ್ ಆಗಿಯೂ ಸಿಗದ ಪುಸ್ತಕಗಳಾಗಿರುವುದು ನೋವಿನ ಸಂಗತಿ.

ಭಂಡಾರದೊಳಗೆ ಯುಟಿಎಫ್-8 ನೆಲೆಯೂರಿದ ಮೇಲೆ ಹಾನಿ ಆಗತೊಡಗಿದ್ದು ಹೊಸ್ತಿಲಲ್ಲಿ, ಎಂದರೆ ಸ್ಕ್ರಿಪ್ಟ್‌ಗಳು ಕಡತವನ್ನು ತೆರೆಯುವ ಮತ್ತು ಬರೆಯುವ ಕ್ಷಣದಲ್ಲಿ. ಪೈಥಾನ್ ಭಾಷೆಯ ಎರಡನೆಯ ಆವೃತ್ತಿ ಬೈಟುಗಳನ್ನೂ ಪಠ್ಯವನ್ನೂ ಬೆರೆಸಲು ಬಿಟ್ಟು, ಬೆರೆಸುವಾಗ ಆಸ್ಕಿ ಎಂಬ ಇಂಗ್ಲಿಷ್ ಸಂಕೇತವನ್ನು ತಾನೇ ಊಹಿಸಿಕೊಳ್ಳುತ್ತಿತ್ತು. ಇಂಗ್ಲಿಷ್ ದಾಖಲೆಗಳ ಮೇಲೆ ವರ್ಷಗಟ್ಟಲೆ ಓಡಿದ ಸ್ಕ್ರಿಪ್ಟ್ ಮೊದಲ ಕನ್ನಡ ಶೀರ್ಷಿಕೆ ಎದುರಾದೊಡನೆ ನಿಂತುಬಿಡುತ್ತಿತ್ತು. ನಿಂತದ್ದು ಲೇಸೇ, ಓದಲಾಗದ ಬೈಟುಗಳನ್ನು ಬಿಟ್ಟುಬಿಡುವಂತೆ ಆದೇಶಿಸಿ ಓಟ ಮುಂದುವರಿಸಿದ ಸ್ಕ್ರಿಪ್ಟ್‌ಗಳು ಕನ್ನಡವನ್ನೇ ಅಳಿಸಿ ಸದ್ದಿಲ್ಲದೆ ಮುಗಿಯುತ್ತಿದ್ದವು. 2008ರ ಮೂರನೆಯ ಆವೃತ್ತಿ ಬೈಟು ಮತ್ತು ಪಠ್ಯಗಳನ್ನು ಕಟ್ಟುನಿಟ್ಟಾಗಿ ಬೇರ್ಪಡಿಸಿತು. ಡಿಸ್ಪೇಸ್ ಬರೆಯಲಾದ ಜಾವಾ ಭಾಷೆ ಯುಟಿಎಫ್-8ನ್ನು ತನ್ನ ಸಹಜ ಸಂಕೇತವಾಗಿ ಒಪ್ಪಿದ್ದು 2022ರ 18ನೆಯ ಆವೃತ್ತಿಯಲ್ಲಿ. ಅಲ್ಲಿಯವರೆಗೆ ಒಂದೇ ಪ್ರೋಗ್ರಾಂ ವಿಂಡೋಸ್‌ನಲ್ಲಿ ಒಂದು ಫಲ, ಲಿನಕ್ಸ್‌ನಲ್ಲಿ ಇನ್ನೊಂದು ಫಲ ಕೊಡುವ ಸಾಧ್ಯತೆ ಉಳಿದೇ ಇತ್ತು.

ಇಲ್ಲಿ ಎರಡು ಬಗೆಯ ಕೇಡನ್ನು ಬೇರ್ಪಡಿಸಿ ನೋಡಬೇಕು. ಯುಟಿಎಫ್-8ರ ಬೈಟುಗಳನ್ನು ಲ್ಯಾಟಿನ್-1 ಎಂಬ ಒಂದು ಬೈಟಿನ ಸಂಕೇತವೆಂದು ತಪ್ಪಾಗಿ ಓದಿ ಮತ್ತೆ ಯುಟಿಎಫ್-8 ಆಗಿ ಬರೆದರೆ ‘ಕ’ದ ಮೂರು ಬೈಟುಗಳು ಆರಾಗುತ್ತವೆ. ನೋಡಲು ಕೆಟ್ಟರೂ ಮಾಹಿತಿ ಕಳೆದಿರುವುದಿಲ್ಲ, ಅದೇ ಹೆಜ್ಜೆಗಳನ್ನು ಹಿಂದಕ್ಕೆ ನಡೆದರೆ ಮೂಲ ದೊರೆಯುತ್ತದೆ. ಕೋಷ್ಟಕ ತಂತ್ರಾಂಶದಿಂದ ಹಳೆಯ ರೀತಿಯ ಸಿಎಸ್‌ವಿ ಕಡತವಾಗಿ ಉಳಿಸಿದಾಗ ಕನ್ನಡದ ಪ್ರತಿ ಸಂಕೇತವೂ ಪ್ರಶ್ನಾರ್ಥಕ ಚಿಹ್ನೆಯಾದರೆ ಅದು ನಾಶ. ಯಾವ ಸ್ಕ್ರಿಪ್ಟೂ ಅದನ್ನು ಮರಳಿ ತರಲಾರದು. ಸಾಮೂಹಿಕ ತಿದ್ದುಪಡಿಗೆ ಮುನ್ನ ಮೂಲ ಕಡತವನ್ನು ಹಾಗೆಯೇ ತೆಗೆದಿಡುವುದು, ಸಂಕೇತವನ್ನು ಊಹೆಗೆ ಬಿಡದೆ ಸ್ಪಷ್ಟವಾಗಿ ಹೆಸರಿಸುವುದು, ಅಮಾನ್ಯ ಬೈಟು ಕಂಡರೆ ಸಾಲಿನ ಸಂಖ್ಯೆಯೊಡನೆ ನಿಲ್ಲುವುದು ಇಂದು ವೃತ್ತಿಯ ರೂಢಿಯಾಗಿರುವುದಕ್ಕೆ ಈ ಭೇದವೇ ಕಾರಣ.

ಸಂಕೇತ ಸರಿಯಿದ್ದೂ ಹುಡುಕಾಟ ಸೋಲುವ ಪ್ರಸಂಗಗಳು ಇನ್ನೂ ಸೂಕ್ಷ್ಮವಾದವು. ಓತ್ವದ ದೀರ್ಘಸ್ವರವನ್ನು ಒಂದು, ಎರಡು ಅಥವಾ ಮೂರು ಸಂಕೇತಗಳಾಗಿ ಬರೆಯಬಹುದು. ಕಣ್ಣಿಗೆ ಒಂದೇ ಆಗಿರುವ ಈ ರೂಪಗಳನ್ನು ಒಂದಾಗಿಸುವ ಕ್ರಿಯೆಗೆ ಏಕರೂಪಗೊಳಿಸುವಿಕೆ ಎನ್ನುತ್ತಾರೆ, ಮತ್ತು ದಾಖಲೆ ಒಳಬರುವಾಗಲೇ ಅದು ನಡೆಯಬೇಕು. ಆದರೆ ‘ಇಚಲಕರಂಜಿ’ಯ ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಅಂಕಿಯನ್ನು ಒತ್ತಿದ್ದರೆ, ಅವೆರಡೂ ಬೇರೆ ಸಂಕೇತಗಳೇ ಆದ್ದರಿಂದ, ಏಕರೂಪಗೊಳಿಸುವಿಕೆ ಅದನ್ನು ಮುಟ್ಟುವುದಿಲ್ಲ, ಅಕ್ಷರಗಳ ನಡುವೆ ಒಂಟಿಯಾಗಿ ಸಿಕ್ಕ ಸೊನ್ನೆಯನ್ನು ಹುಡುಕುವ ಬೇರೆ ನಿಯಮ ಬೇಕು. ಕಣ್ಣಿಗೆ ಕಾಣದ ಸಂಕೇತಗಳನ್ನೆಲ್ಲ ಕಸವೆಂದು ತೆಗೆಯುವ ಸ್ಕ್ರಿಪ್ಟ್ ‘ಸಾಫ್ಟ್‌ವೇರ್’ ಪದದೊಳಗಿನ ಬಿಡಿಸುವ ಚಿಹ್ನೆಯನ್ನೂ ತೆಗೆದು ಅದನ್ನು ‘ಸಾಫ್ಟ್ವೇರ್’ ಮಾಡುತ್ತದೆ. ಹುಡುಕಾಟದ ಸೂಚಿಗೆ ಇಂಥ ಚಿಹ್ನೆಗಳನ್ನು ಬಿಟ್ಟು, ತೋರಿಸುವ ಶೀರ್ಷಿಕೆಯಲ್ಲಿ ಉಳಿಸಿಕೊಳ್ಳುವುದೇ ಸರಿಯಾದ ಕ್ರಮ. ಕುಂದಣಗಾರರ ಹೆಸರಿನ ಮೂರು ಲಿಪಿಗಳ ರೂಪಗಳನ್ನು ಒಬ್ಬನೇ ವ್ಯಕ್ತಿಗೆ ಕೂಡಿಸುವುದಂತೂ ಸಂಕೇತೀಕರಣದ ಕೆಲಸವೇ ಅಲ್ಲ. ಅದಕ್ಕೆ ಗ್ರಂಥಪಾಲಕರು ಕೈಯಾರೆ ಕಟ್ಟುವ ನಾಮಪ್ರಮಾಣ ಕಡತ ಬೇಕು.

ಈ ಸೀಮೆಯ ಹಳೆಯ ಪದರಗಳು ಮಾನಕವನ್ನೇ ಮುಂದಕ್ಕೆ ತಳ್ಳಿದ ಬಗೆಯವು. ಮೋಡಿ ಲಿಪಿ ಯೂನಿಕೋಡಿಗೆ ಸೇರಿದ್ದು 2014ರ 7.0 ಆವೃತ್ತಿಯಲ್ಲಿ, ಅದೂ ಮೊದಲ 65,536 ಸ್ಥಾನಗಳ ಆಚೆಗೆ. ಅಲ್ಲಿನ ಪ್ರತಿ ಅಕ್ಷರಕ್ಕೂ ನಾಲ್ಕು ಬೈಟು. ಮೈಎಸ್‌ಕ್ಯೂಎಲ್ ದತ್ತಸಂಚಯದಲ್ಲಿ ಯುಟಿಎಫ್-8 ಎಂಬ ಹೆಸರಿನಲ್ಲಿದ್ದ ಹಳೆಯ ವ್ಯವಸ್ಥೆ ಮೂರು ಬೈಟುಗಳಿಗಷ್ಟೇ ಅವಕಾಶ ಕೊಡುತ್ತಿದ್ದುದರಿಂದ ಕನ್ನಡ, ದೇವನಾಗರಿಗಳು ಸುಗಮವಾಗಿ ಉಳಿದ ಕಡೆಯೂ ಮೋಡಿ ಉಳಿಯದು. ನಾಲ್ಕು ಬೈಟಿನ ಪ್ರತ್ಯೇಕ ವ್ಯವಸ್ಥೆಗೆ ಅಂಕಣಗಳನ್ನು ಬದಲಿಸಬೇಕು. ಶಿಲಾಹಾರ ಶಾಸನಗಳ ಪಾಠಕ್ಕೆ ಬೇಕಾದ ‘ಱ’ ಮತ್ತು ‘ೞ’ ಕನ್ನಡ ವಿಭಾಗದಲ್ಲಿಯೇ ಇವೆ, ಆದರೆ ‘ೞ’ಕ್ಕೆ ಮಾನಕ ‘ಫ’ ಎಂಬ ತಪ್ಪು ಹೆಸರನ್ನಿಟ್ಟಿದೆ. ಹೆಸರುಗಳನ್ನು ಎಂದಿಗೂ ಬದಲಿಸುವುದಿಲ್ಲವೆಂಬ ನಿಯಮದಿಂದಾಗಿ ತಿದ್ದುಪಡಿಯ ಉಪನಾಮವೊಂದನ್ನು ಪಕ್ಕಕ್ಕೆ ಸೇರಿಸಲಾಗಿದೆ. ಆದ್ದರಿಂದ ಅಕ್ಷರದ ಹೆಸರನ್ನು ಆಧರಿಸಿ ಲಿಪ್ಯಂತರ ಮಾಡುವ ಸ್ಕ್ರಿಪ್ಟ್ ಹಳಗನ್ನಡದ ಪದಗಳನ್ನು ಕೆಡಿಸುತ್ತದೆ. ಹಳೆಯ ಬರಹದಲ್ಲಿ ಸ್ವರವಿಲ್ಲದ ನಕಾರವನ್ನು ಸೂಚಿಸುವ ನಕಾರ ಪೊಲ್ಲು 2021ರ 14.0 ಆವೃತ್ತಿಯಲ್ಲಷ್ಟೇ ಸ್ಥಾನ ಪಡೆಯಿತು. ಅದಕ್ಕಿಂತ ಹಳೆಯ ಅಕ್ಷರಕೋಷ್ಟಕ ಹೊತ್ತ ಪರಿಶೀಲನಾ ಸ್ಕ್ರಿಪ್ಟ್‌ಗಳು ಅದನ್ನು ಅಮಾನ್ಯ ಸಂಕೇತವೆಂದು ತಳ್ಳಿಹಾಕುವುದರಿಂದ, ಶಾಸನಪಾಠವನ್ನು ಭಂಡಾರಕ್ಕೆ ಸೇರಿಸುವ ಮೊದಲು ಸ್ಕ್ರಿಪ್ಟ್ ಬಳಸುವ ಕೋಷ್ಟಕದ ಆವೃತ್ತಿಯನ್ನು ನೋಡಿಕೊಳ್ಳಬೇಕಾಗುತ್ತದೆ.