ಊರು ಹೆಸರು ಬದಲಿಸುವ ಜಾಗ

ಬಾದಾಮಿ, ಹುನಗುಂದ ಕಡೆಯಿಂದ ಗೋವಾಕ್ಕೆ ದುಡಿಯಾಕ ಹೋದವರನ್ನ ಅಲ್ಲಿ ಏನಂತ ಕರೀತಾರೆ, ಕೇಳೀರಲ್ಲ? 'ಘಾಂಟಿ'. ಅಂದ್ರೆ ಘಟ್ಟದ ಆಚೆಯವರು. ಅರ್ಥ ಬರೀ ಭೂಗೋಳ, ಅನ್ನೋ ಧಾಟಿ ಮಾತ್ರ ಬೈಗುಳ. ಸ್ಪೇನಿನ ಬಾರ್ಸಿಲೋನಾದಲ್ಲೂ ಇಂಥದ್ದೇ ಒಂದು ಪದ ಇತ್ತು, 'ಶಾರ್ನೆಗೊ'. ದಕ್ಷಿಣದ ಆಂದಲೂಸಿಯಾ, ಮುರ್ಸಿಯಾದಿಂದ ಕೂಲಿಗೆ ಬಂದವರಿಗೆ ಅಂಟಿಸಿದ ಹೆಸರು. ಅವರು ಕಾದಂಬರಿಯೊಳಗೆ ಹೇಗೆ ಬಂದರು ಅನ್ನೋದೇ ಇವತ್ತಿನ ಕಂತು.

1950ರ ದಶಕ. ಸ್ಪೇನಿನಲ್ಲಿ ಫ್ರಾಂಕೊನ ಸರ್ವಾಧಿಕಾರ. ಹಳ್ಳಿಯಲ್ಲಿ ಕೆಲಸ ಇಲ್ಲ. ಬಾರ್ಸಿಲೋನಾದಲ್ಲಿ ಕಾರ್ಖಾನೆ ಇವೆ, ಮನೆ ಇಲ್ಲ. ರೈಲಿಳಿದವರ ಹತ್ತಿರ ಮನೆ, ಕೆಲಸದ ಪುರಾವೆ ಇಲ್ಲದಿದ್ದರೆ ಪೊಲೀಸರು ಹಿಡಿದು ವಾಪಸ್ ಕಳಿಸ್ತಿದ್ದರು. ತಮ್ಮದೇ ದೇಶದೊಳಗೆ, ನೋಡ್ರಿ! ತಪ್ಪಿಸಿಕೊಂಡವರು ಮೊಂಜುಯಿಕ್ ಗುಡ್ಡದ ಮೇಲೆ, ಸೊಮೊರೊಸ್ಟ್ರೊ ಕಡಲದಂಡೆಯಲ್ಲಿ ಗುಡಿಸಲು ಹಾಕಿದರು.

ಫ್ರಾನ್ಸಿಸ್ಕೊ ಕಾಂದೆಲ್ ಅಂಥ ಕಡೆಯೇ ಬೆಳೆದವರು. 1957ರಲ್ಲಿ ಅವರ ಕಾದಂಬರಿ ಬಂತು. ಅದರ ಹೆಸರನ್ನ ಕನ್ನಡಕ್ಕೆ ತಂದರೆ 'ಊರು ಹೆಸರು ಬದಲಿಸುವ ಜಾಗ'. ನೆರೆಹೊರೆಯವರ ಬದುಕನ್ನ ನಿಜ ಹೆಸರು ಸಮೇತ ಬರೆದುಬಿಟ್ಟರು. ಗೊತ್ತಾದ ಜನ ಸಿಟ್ಟಿಗೆದ್ದರು. ನನಗಂತೂ ಆ ಸಿಟ್ಟು ನ್ಯಾಯ ಅನಿಸುತ್ತೆ. ಬಡತನದಲ್ಲಿ ಬದುಕೋದು ಬೇರೆ, ಅದು ತಮ್ಮ ಹೆಸರಿನ ಜೊತೆ ಅಂಗಡಿಯಲ್ಲಿ ಮಾರಾಟಕ್ಕೆ ಬರೋದು ಬೇರೆ. ಹಾಗಂತ ಪುಸ್ತಕ ಬೇಡವಾಗಿತ್ತಾ? ಅದನ್ನೂ ಹೇಳಲಾರೆ. ಆಗ ಪತ್ರಿಕೆಗಳ ಮೇಲೆ ಸೆನ್ಸಾರ್ ಇತ್ತು.

ಹ್ವಾನ್ ಮಾರ್ಸೆ 1966ರಲ್ಲಿ ಬರೆದ 'ತೆರೇಸಾ ಜೊತೆಗಿನ ಕೊನೆಯ ಸಂಜೆಗಳು' ಇನ್ನೂ ಚೂಪು. ಹುಡುಗ ಕಾರ್ಮೆಲೊ ಗುಡ್ಡದವನು, ಬೈಕ್ ಕಳ್ಳ. ಶ್ರೀಮಂತರ ಮನೆಯ ಕಾಲೇಜು ಹುಡುಗಿ ತೆರೇಸಾ ಅವನನ್ನ ಕ್ರಾಂತಿಕಾರಿ ಕಾರ್ಮಿಕ ಅಂದ್ಕೊಂಡು ಮರುಳಾಗ್ತಾಳೆ. ಅವನಿಗೆ ಬೇಕಾಗಿದ್ದು ಆ ಗುಡ್ಡ ಇಳಿದು ಪಾರಾಗೋದು, ಅಷ್ಟೇ.

ಅದೇ ವರ್ಷ ನೌಕಾಪಡೆಯ ಪ್ರದರ್ಶನಕ್ಕೆ ಫ್ರಾಂಕೊ ಬರ್ತಾನೆ ಅಂತ ಸೊಮೊರೊಸ್ಟ್ರೊದಲ್ಲಿ ಉಳಿದಿದ್ದ ಗುಡಿಸಲುಗಳನ್ನ ತರಾತುರಿಯಲ್ಲಿ ಕೆಡವಿದರು.

ನಮ್ಮವರ ಕಡಲದಂಡೆ ಗೋವಾದ ವಾಸ್ಕೋ ಪಕ್ಕದ ಬೈನಾ. ಅಲ್ಲಿ ತೆರವು ನಡೆದಿದ್ದು 2004ರ ಜೂನ್‌ನಲ್ಲಿ. ಹೊರಗೆ ಸುದ್ದಿಯಾಗಿದ್ದು ಕೆಂಪುದೀಪದ ಬಸ್ತಿ ಖಾಲಿ ಆಯ್ತು ಅಂತ. ಮಕ್ಕಳುಮರಿ ಕಟ್ಟಿಕೊಂಡು ಕೂಲಿನಾಲಿ ಮಾಡ್ತಿದ್ದ ಕನ್ನಡದ ಕುಟುಂಬಗಳೂ ಅಲ್ಲಿ ಮನೆ ಕಳಕೊಂಡವು. ಆ ಮಳೆಯಲ್ಲಿ ಅವರು ಎತ್ತ ಹೋದರು ಅನ್ನೋದು ಸುದ್ದಿಯಾಗಲಿಲ್ಲ. ಕಾದಂಬರಿಗೆ ಕೆಲಸ ಇರೋದು ಇಲ್ಲೇ.

ಊರು ಬಿಟ್ಟು ಹೋದ ಕನ್ನಡಿಗರ ಕಾದಂಬರಿ ಅಂದ್ರೆ ಯಶವಂತ ಚಿತ್ತಾಲರ 'ಶಿಕಾರಿ' ನೆನಪಾಗುತ್ತೆ. ದೊಡ್ಡ ಕೃತಿ; ಆದರೆ ಅದರ ನಾಗಪ್ಪ ಮುಂಬೈ ಕಂಪನಿಯ ಅಧಿಕಾರಿ. ಬೈನಾದ ಪತ್ರಾಸ್ ಮನೆಯಲ್ಲಿ ಹುಟ್ಟಿ, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಕೊಂಕಣಿ ಆಡಿ ಬೆಳೆದವರು ಬರೆದರೆ ಅದು ಬೇರೆಯೇ ಪುಸ್ತಕ ಆಗುತ್ತೆ. ಅಂಥವರು ಯಾರಾದ್ರೂ ಇದನ್ನ ಕೇಳ್ತಿದ್ದರೆ, ಬರೀರಿ. ನೆರೆಯವರ ಹೆಸರಷ್ಟು ಬದಲಿಸ್ರಿ.