ಅಂಗೈಯಗಲದ ಚಿತ್ರ

ಚೆನ್ನೈನ ಹಳೇ ಮಹಾಬಲಿಪುರಂ ರಸ್ತೆಯಲ್ಲಿ ಶೋಳಿಂಗನಲ್ಲೂರ್ ಎಂದರೆ ಈಗ ಗಾಜಿನ ಕಟ್ಟಡಗಳು, ಶಿಫ್ಟ್ ಮುಗಿಸಿ ಕ್ಯಾಬ್ ಕಾಯುವ ಐಟಿಯವರು, ಮೆಟ್ರೋ ಕಾಮಗಾರಿಯ ಧೂಳು. ಜಂಕ್ಷನ್ನಿನಲ್ಲಿ ಪೂರ್ವಕ್ಕೆ ಹೊರಳಿ ಬಕಿಂಗ್‌ಹ್ಯಾಂ ಕಾಲುವೆ ದಾಟಿದರೆ ಸಮುದ್ರದ ಬದಿಯ ರಸ್ತೆ ಸಿಗುತ್ತದೆ. ಅಲ್ಲಿಂದ ಉತ್ತರಕ್ಕೆ ಕೆಲವೇ ಕಿಲೋಮೀಟರ್ ಹೋದರೆ ಇಂಜಂಬಾಕ್ಕಂನಲ್ಲಿ ಚೋಳಮಂಡಲಂ ಕಲಾವಿದರ ಗ್ರಾಮವಿದೆ. ಮದರಾಸಿನ ಸರ್ಕಾರಿ ಕಲಾಶಾಲೆಯ ಪ್ರಾಂಶುಪಾಲರಾಗಿದ್ದ ಕೆ. ಸಿ. ಎಸ್. ಪಣಿಕ್ಕರ್ 1966ರಲ್ಲಿ ತಮ್ಮ ಶಿಷ್ಯರನ್ನೂ ಗೆಳೆಯರನ್ನೂ ಕಟ್ಟಿಕೊಂಡು ಸ್ಥಾಪಿಸಿದ ಊರು ಅದು. ಚಿತ್ರ ಮಾರಿ ಬದುಕುವುದು ಆಗ ಆಗದ ಮಾತಾಗಿತ್ತು. ಹಾಗಾಗಿ ಅವರೆಲ್ಲ ಬಾಟಿಕ್ ಬಟ್ಟೆ ಮತ್ತಿತರ ಕೈಕೆಲಸದ ವಸ್ತುಗಳನ್ನು ಮಾಡಿ ಮಾರಿದರು, ಆ ದುಡ್ಡಿನ ಆಸರೆಯಲ್ಲಿ ಕ್ಯಾನ್ವಾಸಿನ ಮುಂದೆ ಕೂತರು. ಸ್ಥಾಪಕ ಸದಸ್ಯರಲ್ಲಿ ಒಬ್ಬರು 1941ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಎಸ್. ಜಿ. ವಾಸುದೇವ್. ಬಾಟಿಕ್ ಮಾಡಿದ ಇವರೇ 1970ರ 'ಸಂಸ್ಕಾರ' ಸಿನಿಮಾಕ್ಕೆ ಕಲಾ ನಿರ್ದೇಶಕರು. ಕನ್ನಡ ಪುಸ್ತಕಗಳ ಮುಖಪುಟಕ್ಕೂ ಚಿತ್ರ ಬರೆದರು.

ಹೊಟ್ಟೆಪಾಡಿನ ಚಿತ್ರ, ಒಂದು ಬಳಕೆಗೆಂದು ಬರೆದ ಚಿತ್ರ, ಕಲೆಯ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂಬ ಪ್ರಶ್ನೆಗೆ ಚೋಳಮಂಡಲಂ ತನ್ನ ಮಟ್ಟಿಗೆ ಉತ್ತರ ಕಂಡುಕೊಂಡಿತು. ಆದರೆ ಬಾಟಿಕ್‌ಗಿಂತಲೂ ಕೆಳಗಿನ ಮೆಟ್ಟಿಲಲ್ಲಿ ಇನ್ನೊಂದು ಬಗೆಯ ಚಿತ್ರವಿದೆ, ಅದರ ಬಗ್ಗೆ ಕೇಳುವವರು ಕಡಿಮೆ. ಅದು ಆಟದ ಎಲೆಯ ಮೇಲಿನ ಚಿತ್ರ.

ಹಳೇ ಮಹಾಬಲಿಪುರಂ ರಸ್ತೆಯ ಕಚೇರಿಗಳಲ್ಲಿ ಈಗ ದುಡಿಯುತ್ತಿರುವ ಪೀಳಿಗೆ ಚಿಕ್ಕಂದಿನಲ್ಲಿ ಕುಸ್ತಿಪಟುಗಳ ಟ್ರಂಪ್ ಕಾರ್ಡನ್ನೋ ಪೋಕೆಮಾನ್ ಕಾರ್ಡನ್ನೋ ಕೂಡಿಹಾಕಿದ್ದು. ಹೀಗೆ ಕೂಡಿಸುವ, ಬದಲಾಯಿಸುವ, ಆಡುವ ಎಲೆಗಳ ದೊಡ್ಡ ವ್ಯಾಪಾರ ಶುರುವಾದದ್ದು 1993ರಲ್ಲಿ, ಅಮೆರಿಕದಲ್ಲಿ. ರಿಚರ್ಡ್ ಗಾರ್‌ಫೀಲ್ಡ್ ರೂಪಿಸಿದ 'ಮ್ಯಾಜಿಕ್: ದ ಗ್ಯಾದರಿಂಗ್' ಎಂಬ ಆಟದಲ್ಲಿ ಮಾಂತ್ರಿಕರು, ಡ್ರ್ಯಾಗನ್ನುಗಳು, ದೆವ್ವಗಳು ಎಲ್ಲ ಎಲೆಗಳಾಗಿ ಬಂದವು. ಪ್ರತಿ ಎಲೆಯ ಬುಡದಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಹೆಸರಿರುತ್ತದೆ: ಚಿತ್ರ ಬರೆದವರದ್ದು. ಈ ಒಂದು ಪದ್ಧತಿಯಿಂದಾಗಿ ರೆಬೆಕ್ಕಾ ಗೇ ಅವರ ಜಲವರ್ಣದ ವನದೇವತೆಗಳು, ಜಾನ್ ಏವನ್ ಬರೆದ ಗುಡ್ಡ-ಬಯಲುಗಳು ಎಂದು ಜನ ಹೆಸರು ಹಿಡಿದು ಮಾತಾಡುವಂತಾಯಿತು. ಆ ಆಟದ ಅತ್ಯಂತ ಹೆಸರಾದ ಎಲೆ 'ಬ್ಲ್ಯಾಕ್ ಲೋಟಸ್'. ಕ್ರಿಸ್ಟಫರ್ ರಶ್ ಬರೆದ ಚಿತ್ರದಲ್ಲಿ ಇರುವುದು ಎಲೆಗಳ ನಡುವೆ ಅರಳಿದ ಒಂದು ಕಪ್ಪು ಹೂವು, ಅಷ್ಟೇ. ಸೇನೆಯಿಲ್ಲ, ಮಿಂಚಿಲ್ಲ. ಮೇಜಿನ ಆ ಬದಿಯಿಂದ ತಲೆಕೆಳಗಾಗಿ ನೋಡಿದರೂ ಗುರುತು ಸಿಗುತ್ತದೆ. 2021ರ ಜನವರಿಯಲ್ಲಿ ಈ ಎಲೆಯ ಒಂದು ಪ್ರತಿ 5,11,100 ಡಾಲರಿಗೆ ಹರಾಜಾಯಿತು. ಅದರ ಪ್ಲಾಸ್ಟಿಕ್ ಕವಚದ ಮೇಲೆ, 2016ರಲ್ಲಿ ತೀರಿಹೋದ ರಶ್ ಅವರ ರುಜು ಇತ್ತು.

ಇಂಥ ಎಲೆಗಳನ್ನು ಮೆಚ್ಚುವವರು ಸಾಮಾನ್ಯವಾಗಿ ಚಿತ್ರವನ್ನು ಎಲೆಯಿಂದ ಬಿಡಿಸಿ ನೋಡುತ್ತಾರೆ. ದೊಡ್ಡದಾಗಿ ಮುದ್ರಿಸಿ, ಚೌಕಟ್ಟು ಹಾಕಿಸಿ, ವರ್ಣಚಿತ್ರವನ್ನು ನೋಡಿದ ಹಾಗೆ. ಆದರೆ ಎಲೆಯ ಚಿತ್ರ ಹುಟ್ಟಿರುವುದು ಕೈಯಲ್ಲಿ ಹಿಡಿಯಲಿಕ್ಕೆ, ಇನ್ನೂ ಹತ್ತು ಎಲೆಗಳ ಸಂದಿಯಿಂದ ಇಣುಕಲಿಕ್ಕೆ, ಒಂದು ಕ್ಷಣದಲ್ಲಿ ತಾನು ಯಾರೆಂದು ಹೇಳಲಿಕ್ಕೆ. ಈ ಕೆಲಸವನ್ನು ಮಾಡಿಯೂ ಚೆಂದ ಇರುವುದು ಎಷ್ಟು ಕಷ್ಟವೆಂದು ತಿಳಿಯಬೇಕಾದರೆ ಮೈಸೂರಿಗೆ, ಅದಕ್ಕೂ ಮೊದಲು ಮೊಗಲರ ಆಸ್ಥಾನಕ್ಕೆ ಹೋಗಬೇಕು.

ಗಂಜೀಫಾ ಪರ್ಷಿಯದ ಕಡೆಯಿಂದ ಬಂದ ಎಲೆಯಾಟ. 1527ರಲ್ಲಿ ಬಾಬರ್ ಸಿಂಧ್‌ನ ಷಾ ಹಸನ್‌ಗೆ ಗಂಜೀಫಾ ಕಳಿಸಿಕೊಟ್ಟ ಸಂಗತಿ ಅವನ ಆತ್ಮಕಥೆಯಲ್ಲಿದೆ. ಅಕ್ಬರನ ಆಸ್ಥಾನದಲ್ಲಿ ಆಡುತ್ತಿದ್ದ ಒಂದು ಕಟ್ಟಿನಲ್ಲಿ 12 ಜಾತಿ, ಜಾತಿಗೆ 12ರಂತೆ 144 ಎಲೆ. (ಇಸ್ಪೀಟು ಆಡುವವರು 'ಜಾತಿ' ಎನ್ನುವ ಅರ್ಥದಲ್ಲೇ ಇಲ್ಲೂ ಜಾತಿ.) ಅಶ್ವಪತಿ, ಗಜಪತಿ, ನರಪತಿ ಎಂದು ಶುರುವಾಗುವ ಆ ಜಾತಿಗಳ ಪಟ್ಟಿ ಮುಂದುವರಿದಂತೆ ಲೋಕ ಬಿಟ್ಟು ಕನಸಿಗೆ ಇಳಿಯುತ್ತದೆ. ಬನಪತಿಯ ಜಾತಿಯಲ್ಲಿ ರಾಜ ಹುಲಿ, ಮಂತ್ರಿ ಚಿರತೆ. ಅಹಿಪತಿಯ ಜಾತಿಯಲ್ಲಿ ರಾಜ ಘಟಸರ್ಪದ ಮೇಲೆ ಕೂತ ಹಾವು, ಮಂತ್ರಿ ಇನ್ನೊಂದು ಹಾವಿನ ಮೇಲೆ ಸವಾರಿ ಮಾಡುವ ಹಾವು. ಇದನ್ನೆಲ್ಲ ಅಬುಲ್ ಫಜಲ್ 'ಐನ್-ಇ-ಅಕ್ಬರಿ'ಯಲ್ಲಿ ಕಂದಾಯದ ವಿವರ ಬರೆದಷ್ಟೇ ಗಂಭೀರವಾಗಿ ಬರೆದಿಟ್ಟಿದ್ದಾನೆ. ಮಾಯಾಲೋಕದ ಎಲೆಯಾಟ 1993ರಲ್ಲಿ ಹುಟ್ಟಿತು ಎನ್ನುವವರು ಆ ಪುಟಗಳನ್ನು ಒಮ್ಮೆ ತಿರುವಿ ನೋಡಬಹುದು.

ಮುಂದೆ ಹೆಚ್ಚು ಬಳಕೆಗೆ ಬಂದದ್ದು 8 ಜಾತಿಯ 96 ಎಲೆಗಳ ಕಟ್ಟು. ಹಿಂದೂ ಮನೆಗಳಿಗೆ ಅದೇ ಆಟ ದಶಾವತಾರವಾಗಿ ಬಂತು: ಹತ್ತು ಅವತಾರಕ್ಕೆ ಹತ್ತು ಜಾತಿ, ಒಟ್ಟು 120 ಎಲೆ. ಒಂದೊಂದು ಜಾತಿಯಲ್ಲೂ ರಾಜ, ಮಂತ್ರಿ, ಆಮೇಲೆ ಒಂದರಿಂದ ಹತ್ತರವರೆಗೆ ಲೆಕ್ಕದ ಎಲೆಗಳು. ಎಲೆ ಹೆಚ್ಚಾಗಿ ದುಂಡಗೆ. ಬಟ್ಟೆಯ ಪದರಗಳನ್ನು ಹುಣಿಸೆಬೀಜದ ಅಂಟಿನಲ್ಲಿ ಕೂಡಿಸಿ ಗಟ್ಟಿ ಮಾಡುತ್ತಿದ್ದರು, ದುಡ್ಡಿದ್ದವರಿಗೆ ದಂತ. ಅರಮನೆಗೆ ಬರೆದದ್ದು 'ದರ್ಬಾರ್ ಕಲಂ', ಪೇಟೆಗೆ ಬರೆದದ್ದು 'ಬಜಾರ್ ಕಲಂ'.

ಚಿತ್ರಕಾರನ ಕಷ್ಟ ಶುರುವಾಗುವುದು ಇಲ್ಲಿ. 'ಮ್ಯಾಜಿಕ್' ಎಲೆಯಲ್ಲಿ ಚಿತ್ರದ ಕೆಳಗೆ ಆ ಎಲೆ ಏನು ಮಾಡುತ್ತದೆಂದು ಅಕ್ಷರದಲ್ಲಿ ಬರೆದಿರುತ್ತದೆ. ಚಿತ್ರ ಕೈಕೊಟ್ಟರೂ ಅಕ್ಷರ ಕಾಯುತ್ತದೆ. ಗಂಜೀಫಾದ ಲೆಕ್ಕದ ಎಲೆಯಲ್ಲಿ ಸಾಮಾನ್ಯವಾಗಿ ಅಕ್ಷರವೂ ಇಲ್ಲ, ಅಂಕಿಯೂ ಇಲ್ಲ, ಚಿತ್ರವೇ ಲಿಪಿ. ಮತ್ಸ್ಯದ ಜಾತಿಯ ಒಂಬತ್ತು ಎಂದರೆ ಒಂಬತ್ತು ಮೀನು. ಹತ್ತು ಎಂದರೆ ಹತ್ತು ಮೀನು. ಎರಡನ್ನೂ ಆಟದ ಭರದಲ್ಲಿ, ಎಣ್ಣೆದೀಪದ ಬೆಳಕಿನಲ್ಲಿ, ಎಣಿಸದೆಯೇ ಬೇರೆಬೇರೆ ಎಂದು ಕಣ್ಣು ಹಿಡಿಯಬೇಕು. ಹಾಗಾಗಿ ಮೀನುಗಳ ಜೋಡಣೆಯೇ ಸಂಖ್ಯೆಯಾಗುತ್ತದೆ: ನಡುವೆ ಒಂದನ್ನಿಟ್ಟು ಸುತ್ತ ಎಂಟನ್ನು ಸುತ್ತಿಸಿದರೆ ಒಂದು ಗುರುತು, ಸಾಲಾಗಿ ಇಟ್ಟರೆ ಇನ್ನೊಂದು. ಎಲೆಗಳು ಒಂದರ ಮೇಲೊಂದು ಸೇರಿದಾಗ ಕಾಣುವುದು ಅಂಚಿನ ತುಣುಕು ಮಾತ್ರ, ಆದ್ದರಿಂದ ಜಾತಿಗೊಂದು ಹಿನ್ನೆಲೆ ಬಣ್ಣ. ಕೆಂಪು ಹಸಿರಾಗುವಂತಿಲ್ಲ, ಹಳದಿ ಕಿತ್ತಳೆಯ ಹತ್ತಿರ ಹೋಗುವಂತಿಲ್ಲ.

ಇದಕ್ಕೆ ಇನ್ನೊಂದು ತಿರುವಿದೆ. ಗಂಜೀಫಾದಲ್ಲಿ ಅರ್ಧ ಜಾತಿಗಳಲ್ಲಿ ರಾಜ-ಮಂತ್ರಿಯ ನಂತರ ಹತ್ತು ದೊಡ್ಡದು, ಉಳಿದರ್ಧದಲ್ಲಿ ಲೆಕ್ಕ ತಿರುಗಿ ಒಂದೇ ದೊಡ್ಡದು. ಮೊಗಲ್ ಕಟ್ಟಿನಲ್ಲಿ ಹತ್ತು ಕತ್ತಿಯ ಎಲೆ ಬಲಶಾಲಿ, ಹತ್ತು ಚಿನ್ನದ ನಾಣ್ಯದ ಎಲೆ ಕೈಲಾಗದ್ದು. ಅಂದರೆ ಚಿತ್ರಕಾರ ಅತಿ ಹೆಚ್ಚು ಶ್ರಮಪಟ್ಟು ತುಂಬಿಸಿದ ಎಲೆ ಕೆಲವೊಮ್ಮೆ ಆಟದಲ್ಲಿ ಎಲ್ಲಕ್ಕಿಂತ ದುರ್ಬಲ. ಸುಮ್ಮನೆ ಒಂದೇ ನಾಣ್ಯ ಬರೆದು ಬಿಟ್ಟ ಖಾಲಿ ಎಲೆ ಒಂಬತ್ತನ್ನು ಹೊಡೆಯುತ್ತದೆ. ಒಳ್ಳೆಯ ಕಟ್ಟುಗಳಲ್ಲಿ ಈ ಒಂಟಿ ಚಿಹ್ನೆಯ ಎಲೆಗಳೇ ಹೆಚ್ಚು ಚೆಂದ. ಸುತ್ತಲಿನ ಖಾಲಿ ಜಾಗವನ್ನು ಹೂಬಳ್ಳಿಯಿಂದ ಮುಚ್ಚುವ ಆಸೆಯನ್ನು ಚಿತ್ರಕಾರ ತಡೆದುಕೊಂಡಿದ್ದರೆ ಇನ್ನೂ ಚೆಂದ.

ಈಗ ಮೈಸೂರು. ಮುಮ್ಮಡಿ ಕೃಷ್ಣರಾಜ ಒಡೆಯರು ಹುಟ್ಟಿದ್ದು 1794ರಲ್ಲಿ, ಟಿಪ್ಪುವಿನ ಪತನದ ನಂತರ 1799ರಲ್ಲಿ ಬಾಲಕನಾಗಿ ಪಟ್ಟಕ್ಕೆ ಬಂದದ್ದು. ನಗರದ ರೈತರ ದಂಗೆಯನ್ನು ನೆಪಮಾಡಿಕೊಂಡು 1831ರಲ್ಲಿ ಇಂಗ್ಲಿಷರು ಆಡಳಿತ ಕಿತ್ತುಕೊಂಡರು. ಅಲ್ಲಿಂದ 1868ರಲ್ಲಿ ತೀರಿಕೊಳ್ಳುವವರೆಗೆ, 37 ವರ್ಷ, ಅವರು ಆಳುವ ಅಧಿಕಾರವಿಲ್ಲದ ಅರಸರು. ರಾಜ್ಯವಿಲ್ಲದವರಿಗೆ ಆಟದ ಹಾಸು ಉಳಿಯಿತು ಎಂದರೆ ಕುಹಕವಾದೀತು. ಆದರೆ ಅವರು ಆಟವನ್ನು ರಾಜ್ಯಭಾರದಷ್ಟೇ ನಿಷ್ಠೆಯಿಂದ ನಡೆಸಿದ್ದು ನಿಜ. ಚದುರಂಗದ ಕುದುರೆ ಮಣೆಯ ಎಲ್ಲ ಮನೆಗಳನ್ನೂ ಒಂದೊಂದೇ ಸಲ ಮೆಟ್ಟುವ ನಡೆಗಳನ್ನು ಲೆಕ್ಕಹಾಕಿದರು. ಅವರ ಹೆಸರಿನಲ್ಲಿರುವ 'ಶ್ರೀತತ್ತ್ವನಿಧಿ' ಒಂಬತ್ತು ನಿಧಿಗಳ ಸಚಿತ್ರ ಗ್ರಂಥ. ಶಕ್ತಿನಿಧಿ, ವಿಷ್ಣುನಿಧಿ, ಶಿವನಿಧಿ ಎಂದು ದೇವತೆಗಳ ರೂಪಗಳನ್ನು ಶ್ಲೋಕ ಮತ್ತು ಚಿತ್ರಗಳಲ್ಲಿ ಹೇಳುತ್ತ ಬಂದು ಕೊನೆಯಲ್ಲಿ ಕೌತುಕನಿಧಿಗೆ ಮುಟ್ಟುತ್ತದೆ. ಅದರಲ್ಲಿ ಎಲೆಯಾಟಗಳಿವೆ. ಹೆಸರು 'ಚದ್'. ಸಂಸ್ಕೃತದಲ್ಲಿ 'ಛದ' ಎಂದರೆ ಎಲೆ, ಹೊದಿಕೆ. 'ಇಸ್ಪೀಟೆಲೆ' ಎನ್ನುವ ಕನ್ನಡದ ಕಿವಿಗೆ ಆ ಪದ ಪರಕೀಯ ಅನಿಸುವುದಿಲ್ಲ.

ಚಾಮುಂಡೇಶ್ವರಿ ಚದ್ ಮೊದಲಾಗಿ ಇಂಥ 13 ಆಟಗಳನ್ನು ಕೌತುಕನಿಧಿ ವಿವರಿಸುತ್ತದೆ. ಗಂಜೀಫಾದ ಎರಡು ರಾಜಪರಿವಾರದ ಎಲೆಗಳ ಬದಲು ಇಲ್ಲಿ ಆರು, ಹತ್ತು ಲೆಕ್ಕದ ಎಲೆಗಳ ಬದಲು ಹನ್ನೆರಡು, ಜಾತಿಗಳು ಕೆಲವು ಆಟಗಳಲ್ಲಿ 18ರವರೆಗೆ. ಜೊತೆಗೆ ಕಾಯಂ ತುರುಫು, ಯಾವುದಕ್ಕೆ ಬೇಕಾದರೂ ಸಲ್ಲುವ ಎಲೆಗಳು. ದೊಡ್ಡ ಕಟ್ಟಿನಲ್ಲಿ 360 ಎಲೆ. ನಾಲ್ವರಿಗೆ ಹಂಚಿದರೆ ಒಬ್ಬೊಬ್ಬರ ಪಾಲಿಗೆ 90. ದುಂಡನೆಯ ತೊಂಬತ್ತು ಎಲೆಗಳನ್ನು ಕೈಯಲ್ಲಿ ಹಿಡಿದು ತೋರಿಸಬಲ್ಲವರು ಯಾರೂ ಇರಲಾರರು. ಈ ಆಟಗಳು ಅರಮನೆಯ ಹೊಸ್ತಿಲು ದಾಟಿ ಜನಪ್ರಿಯವಾಗಲಿಲ್ಲ ಎಂಬುದರಲ್ಲಿ ಆಶ್ಚರ್ಯವಿಲ್ಲ.

ಒಂದು ಕಟ್ಟಿಗೆ 360 ಚಿತ್ರ, ಎಲ್ಲವೂ ಕೈಯಲ್ಲೇ ಬರೆದದ್ದು. ಮೈಸೂರು ಶೈಲಿಯ ಚಿತ್ರಕಾರರು ದೇವರ ಪಟಗಳಿಗೆ ಉಬ್ಬು ಲೇಪ ಹಾಕಿ ಮೇಲೆ ಚಿನ್ನದ ರೇಕು ಕೂಡಿಸುವುದರಲ್ಲಿ ಪಳಗಿದವರು. ಹಣೆಗಣ್ಣಿಗೂ ಕೈಯ ಆಯುಧಕ್ಕೂ ಶಾಸ್ತ್ರ ತಪ್ಪದವರು. ಎಂಟು ಕೈಯ ದೇವಿಯನ್ನು, ಎಂಟು ಆಯುಧ ಸಹಿತ, ಅಂಗೈಯಗಲದ ಜಾಗದಲ್ಲಿ ಕೂರಿಸುವ ಹೊಣೆ ಅಂಥವರ ಮೇಲೆ ಬಂತು. ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ಮೈಸೂರಿನ ರಾಜಪರಿವಾರದ ಎಲೆಗಳು ಭಾರತದ ಗಂಜೀಫಾಗಳಲ್ಲೇ ಅತ್ಯಂತ ನವಿರಾದ ಚಿತ್ರಗಳ ಸಾಲಿಗೆ ಸೇರುತ್ತವೆ, ಆದರೆ ಆಟದ ಎಲೆಯಾಗಿ ಅವು ಅತ್ಯುತ್ತಮವಲ್ಲ. ನಿಂತು ನೋಡಬೇಕು ಅನಿಸುತ್ತದೆ. ಆಟದ ಎಲೆಯ ಮುಂದೆ ಯಾರೂ ನಿಲ್ಲಬಾರದು. ಅದರ ಪಕ್ಕದಲ್ಲಿ ಬಜಾರ್ ಕಲಂನ ಒರಟು ಮೀನು, ನಾಲ್ಕೇ ಗೆರೆಯಲ್ಲಿ ಬಾಲ ಬೀಸುವ ಮೀನು, ತನ್ನ ಕೆಲಸವನ್ನು ಚೆನ್ನಾಗಿ ಬಲ್ಲದು. ನೂರಿಪ್ಪತ್ತು ಎಲೆಗಳನ್ನು ದಿನಗಟ್ಟಲೆ ಬರೆದ ಕೈಗೆ ಸಿಕ್ಕ ವೇಗ ಆ ಗೆರೆಗಳಲ್ಲಿದೆ.

ಅರಮನೆಯ ಎಲೆಗಾಗಲಿ ಪೇಟೆಯ ಎಲೆಗಾಗಲಿ ಚಿತ್ರಕಾರನ ರುಜು ಸಾಮಾನ್ಯವಾಗಿ ಇರುವುದಿಲ್ಲ. 'ಶ್ರೀತತ್ತ್ವನಿಧಿ'ಯ ಮೇಲೆ ಅರಸರ ಹೆಸರಿದೆ. ಎಲೆ ಬರೆದವರಿಗೆ ಉಳಿದದ್ದು ವಸ್ತುಸಂಗ್ರಹಾಲಯದ ಚೀಟಿ: ಮೈಸೂರು, 19ನೇ ಶತಮಾನ. ರಶ್ ಅವರ ರುಜುವಿದ್ದ ಪ್ಲಾಸ್ಟಿಕ್ ಕವಚವನ್ನು ಈ ಚೀಟಿಯ ಪಕ್ಕದಲ್ಲಿಟ್ಟು ನೋಡಬೇಕು.

ಗಂಜೀಫಾವನ್ನು ಮುಗಿಸಿದ್ದು ಯುರೋಪಿನಿಂದ ಬಂದ ಅಗ್ಗದ ಅಚ್ಚಿನ ಎಲೆ. 52 ಎಲೆ, ನಾಲ್ಕೇ ಜಾತಿ, ಹರಿದರೆ ಇನ್ನೊಂದು ಕಟ್ಟು. ಅದರ ಜೊತೆ ಪದಗಳೂ ಬಂದವು. ಹಳ್ಳಿಯ ಕಟ್ಟೆಯ ಮೇಲೆ 'ಕಳಾವರ್', 'ಆಟೀನ್' ಎಂದು ಎಲೆ ಬೀಸಿ ಹೊಡೆಯುವವರ ಬಾಯಲ್ಲಿ ಇಂಗ್ಲಿಷಿನ ಕ್ಲಬ್ ಮತ್ತು ಹಾರ್ಟ್‌ಗಿಂತ ಡಚ್ಚರ 'ಕ್ಲಾವರ್', 'ಹಾರ್ಟನ್' ಹೆಚ್ಚು ಸ್ಪಷ್ಟವಾಗಿ ಕೇಳಿಸುತ್ತವೆ.

ಮರೆತ ಎಲೆಗಳನ್ನು ಮತ್ತೆ ಹುಡುಕಿದವರಲ್ಲಿ ಮುಖ್ಯರು ರುಡಾಲ್ಫ್ ಫಾನ್ ಲೇಡನ್. ನಾಜಿಗಳ ಕಾಲದಲ್ಲಿ ಜರ್ಮನಿ ಬಿಟ್ಟು ಮುಂಬಯಿಗೆ ಬಂದು, ಕಲಾ ವಿಮರ್ಶಕರಾಗಿ ಹೆಸರು ಮಾಡಿದವರು. ಭಾರತದ ಉದ್ದಗಲಕ್ಕೂ ಎಲೆಗಳನ್ನು ಕೂಡಿಸಿದರು, ಮೈಸೂರಿನ ಚದ್ ಬಗ್ಗೆಯೇ ಒಂದು ಪುಸ್ತಕ ಬರೆದರು. 1982ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿ ಭಾರತದ ಗಂಜೀಫಾಗಳ ಪ್ರದರ್ಶನ ನಡೆಯಿತು. ಬೆಳಗಾವಿಯಿಂದ ಘಟ್ಟ ಇಳಿದರೆ ಸಿಗುವ ಸಾವಂತವಾಡಿಯಲ್ಲಿ ಅದಕ್ಕೂ ಮೊದಲೇ ರಾಜಮನೆತನದ ಶಿವರಾಮರಾಜೇ ಭೋಂಸ್ಲೆ ಮತ್ತು ಸತ್ವಶೀಲಾದೇವಿ, ಆ ವಿದ್ಯೆ ಬಲ್ಲ ವೃದ್ಧ ಪುಂಡಲೀಕ ಚಿತಾರಿಯವರಿಂದ ಕಲಿತು ಅರಮನೆಯಲ್ಲೇ ಎಲೆ ಬರೆಸಲು ತೊಡಗಿದ್ದರು. 'ಚಿತಾರಿ' ನಮ್ಮ 'ಚಿತ್ರಗಾರ'ನ ನೆಂಟ. ಹೆಸರು ಉಳಿಯದ ಕಸುಬಿನಲ್ಲಿ ಕಸುಬೇ ಹೆಸರಾಗಿ ಉಳಿದಿದೆ.

ಮೈಸೂರಿನಲ್ಲಿ ಈ ಕೆಲಸ ಹಿಡಿದವರು ಉಡುಪಿಯ ಕಡೆಯಿಂದ ಬಂದ ರಘುಪತಿ ಭಟ್ಟರು. ಗಂಜೀಫಾ ಎಂಬುದು ಅವರ ಹೆಸರಿನ ಮೊದಲಿಗೇ ಅಂಟಿಕೊಂಡಿತು. ಮೈಸೂರು ಗಂಜೀಫಾಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಭಟ್ಟರ ಕೈಯಲ್ಲಿ ಅದು ಸೂಕ್ಷ್ಮ ಚಿತ್ರಕಲೆಯಾಗಿ ಬದುಕಿತು, ಈ ಸಲ ಚಿತ್ರಕಾರನ ಹೆಸರಿನೊಂದಿಗೆ. ಆದರೆ ಗೋಡೆಗೆಂದು ಕೊಳ್ಳುವವರಿಗೆ ಬೇಕಿರುವುದು ಒಂಟಿ ಎಲೆ: ರಾಮನ ಪಟ್ಟಾಭಿಷೇಕ, ಕೃಷ್ಣ, ದೇವಿ. ಕಟ್ಟಿಗೆ ಕಟ್ಟು ಬರೆಸಿ, ಹಾಸಿನ ಮೇಲೆ ಹಂಚಿ, ಕೌತುಕನಿಧಿಯ ನಿಯಮ ಓದಿಕೊಂಡು ಆಡುವವರು ಬೇಕು ಮೀನಿನ ಒಂಬತ್ತನ್ನು ಕೇಳಲಿಕ್ಕೆ. ಅದನ್ನು ಚೌಕಟ್ಟು ಹಾಕಿಸುವವರು ಸಿಗುವುದು ಕಷ್ಟ.